ಐದು ಸಾಲಿನ ಪುಟ

ನಾನು ಟೀಚರ್‌ಗೆ ಸುಳ್ಳು ಹೇಳಿದ್ದನ್ನು ಕೇಳಿಸಿಕೊಂಡವರು ಆಗ ಏಣಿಯ ಮೇಲಿದ್ದರು.

ನಮ್ಮ ಅಂಗಡಿಯ ಹಳೆಯ ಬೋರ್ಡಿನ ಬಣ್ಣ ಸಿಪ್ಪೆಯೆದ್ದು, 'ಕನ್ನಡಕದ ಅಂಗಡಿ' ಎಂಬುದರಲ್ಲಿ 'ಅಂಗಡಿ' ಮಾತ್ರ ಉಳಿದಿತ್ತು. ಏನು ಮಾರ್ತೀರಿ ಎಂದು ಒಳಗೆ ಬಂದು ಕೇಳುವವರು ಹೆಚ್ಚಾಗಿದ್ದರು. ಅಂಥ ಹೊತ್ತಿನಲ್ಲಿ ಬೋರ್ಡು ಬರೆಯುವವರೊಬ್ಬರು ತಾವಾಗಿಯೇ ಬಂದು, ಹೊಸದಾಗಿ ಬರೆದುಕೊಡಲೇ ಎಂದು ಕೇಳಿದಾಗ ಹೂಂ ಅಂದಿದ್ದೆ. ಶಾಲೆಯ ಸಭೆಗೆ ಬ್ಯಾನರು ಬರೆಯಲು ಈ ಊರಿಗೆ ಬಂದವರಂತೆ. ನನ್ನ ವಯಸ್ಸಿನವರೇ ಇರಬೇಕು, ನಲವತ್ತೈದರ ಆಸುಪಾಸು. ಕಿವಿಯ ಹಿಂದೆ ಯಾವಾಗಲೂ ಒಂದು ಸೀಮೆಸುಣ್ಣ ಸಿಕ್ಕಿಸಿಕೊಂಡಿರುತ್ತಿದ್ದರು.

"ಮೇಡಂ, ಅಕ್ಷರ ಎಷ್ಟು ದೊಡ್ಡದಿರಲಿ?" ಎಂದು ಮೇಲಿನಿಂದ ಕೇಳಿದರು.

"ಕನ್ನಡಕ ಇಲ್ಲದೋರಿಗೂ ಕಾಣೋ ಹಾಗೆ."

"ಹಾಗೆ ಬರೆದ್ರೆ ನಿಮಗೇ ನಷ್ಟ. ಎಲ್ಲಾ ಚೆನ್ನಾಗೇ ಕಾಣ್ತಿದೆಯಲ್ಲ ಅಂತ ಹಾಗೇ ವಾಪಸ್ ಹೋಗ್ತಾರೆ."

ಒಳಗೆ ಕುಳಿತು ಫ್ರೇಮುಗಳನ್ನು ಒರೆಸುತ್ತಿದ್ದ ಅತ್ತೆ ನಕ್ಕರು. ನಾನು ನಗು ತಡೆದುಕೊಂಡೆ. ಅದೇ ಹೊತ್ತಿಗೆ ಬಾಗಿಲಲ್ಲಿ ಊರುಗೋಲಿನ ಸದ್ದಾಯಿತು.

"ಇಂಕುಮೂಗಿ ಇದಾಳಾ ಒಳಗೆ?"

ಆ ಹೆಸರಿನಿಂದ ನನ್ನನ್ನು ಕರೆಯುವವರು ಈಗ ಒಬ್ಬರೇ ಉಳಿದಿದ್ದಾರೆ. ನನ್ನ ಐದನೇ ಕ್ಲಾಸಿನ ಟೀಚರ್. ಎದ್ದು ಓಡಿದೆ. ಅವರು ನನ್ನ ಮುಖವನ್ನು ನೇರವಾಗಿ ನೋಡಲಿಲ್ಲ. ತಲೆಯನ್ನು ಒಂದಿಷ್ಟು ವಾರೆ ಮಾಡಿ, ನನ್ನ ಕಿವಿಯ ಪಕ್ಕದಲ್ಲೆಲ್ಲೋ ನನ್ನನ್ನು ಹುಡುಕಿದರು. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುತ್ತಿರುವವಳಿಗೆ ಆ ನೋಟದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಣ್ಣಿನ ಡಾಕ್ಟರ ಚೀಟಿ ತಂದಿದ್ದರು. ಕಣ್ಣಿನ ಹಿಂದಿನ ಪರದೆಯೇ ಸವೆದಿದೆ, ಕನ್ನಡಕದಿಂದ ಪ್ರಯೋಜನವಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು.

"ಆ ಡಾಕ್ಟರ್ ಏನೇನೋ ಹೇಳಿದ್ರು. ಚಿಕ್ಕ ವಯಸ್ಸು ಪಾಪ, ಅವಸರ," ಅಂದರು ಟೀಚರ್. "ನಾನಂದೆ, ಕನ್ನಡಕದ ವಿಷಯ ನನ್ನ ಹುಡುಗಿಗೆ ಗೊತ್ತು, ಅವಳು ಹೇಳಲಿ ಅಂತ."

ಹತ್ತು ದಿನಕ್ಕೆ ಶಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳ ಸಭೆ. ಅಲ್ಲಿ ಟೀಚರ್ ಮಾತಾಡಬೇಕು. ಮೂವತ್ತನಾಲ್ಕು ವರ್ಷ ಪಾಠ ಮಾಡಿದ್ದರು. ವರ್ಷಕ್ಕೊಂದು ಮಗುವಿನಂತೆ, ಆ ಮಗು ತಮಗೆ ಏನು ಕಲಿಸಿತು ಎಂದು ನಾಲ್ಕು ಪುಟ ಬರೆದಿದ್ದರು. ಅದನ್ನು ಓದಬೇಕು.

"ಬಾಯಲ್ಲೇ ಹೇಳಬಹುದಲ್ವಾ ಟೀಚರ್?"

"ಬಾಯಿಪಾಠನಾ? ನನ್ನ ಹತ್ರ ಹೇಳ್ತಿದೀಯಾ ಈ ಮಾತು?"

"ಬೇರೆ ಯಾರಾದ್ರೂ ಓದಿದ್ರೆ?"

"ಬೇರೆಯವರು ಓದಿದ್ರೆ ಅದು ಹಾಜರಿ ಕರೆದ ಹಾಗಿರುತ್ತೆ ಕಣೇ. ಮೂವತ್ತನಾಲ್ಕು ಮಕ್ಕಳು. ಒಂದು ಬಿಟ್ಟುಹೋದ್ರೂ ನನಗೆ ತಡೆಯಲ್ಲ. ನಾನೇ ಓದಬೇಕು. ಆಗುತ್ತೆ ತಾನೇ?"

ಪರೀಕ್ಷೆಯ ಫ್ರೇಮನ್ನು ಅವರ ಮೂಗಿನ ಮೇಲಿಟ್ಟು, ಒಂದೊಂದೇ ಲೆನ್ಸು ಹಾಕಿ ತೆಗೆದೆ. ಪ್ರತಿ ಲೆನ್ಸಿಗೂ ಅವರು ಕುತ್ತಿಗೆ ಮುಂದೆ ಚಾಚಿ, ಪರೀಕ್ಷೆಗೆ ಕುಳಿತ ಮಗುವಿನ ಹಾಗೆ ಕಷ್ಟಪಟ್ಟು ನೋಡಿದರು. "ನಡುವೆ ಹೊಗೆ ಇದೆ. ಇದು ಸ್ವಲ್ಪ ಪರವಾಗಿಲ್ಲ, ಅಲ್ವಾ?" ಎಂದು ನನ್ನನ್ನೇ ಕೇಳಿದರು. ಪರವಾಗಿಲ್ಲ ಎಂದ ಆ ಲೆನ್ಸು ಬರಿಯ ಗಾಜು, ಅದಕ್ಕೆ ಪವರೇ ಇರಲಿಲ್ಲ.

ಆಗಲ್ಲ ಟೀಚರ್ ಎನ್ನಬೇಕಿತ್ತು. ಎರಡೇ ಮಾತು.

"ಆಗುತ್ತೆ ಟೀಚರ್," ಅಂದೆ. "ಹತ್ತು ದಿನದೊಳಗೆ ಕೊಡ್ತೀನಿ."

ಅವರ ಮುಖ ಬೆಳಗಿತು. ಲೆನ್ಸು ನೋಡಲು ಬೇಕಾಗುತ್ತದೆಂದು ಆ ನಾಲ್ಕು ಪುಟಗಳನ್ನೂ ನನ್ನ ಕೈಗೇ ಕೊಟ್ಟು, ಊರುಗೋಲು ಊರುತ್ತ ಹೋದರು. ತಲೆಯೆತ್ತಿದರೆ ಬಾಗಿಲ ಮೇಲಿನ ಗಾಜಿನಾಚೆ ಬೋರ್ಡಿನವರು. ಬ್ರಷ್ಷು ಹಿಡಿದ ಕೈ ಹಾಗೇ ನಿಂತಿತ್ತು. ಅವರು ನನ್ನನ್ನು ನೋಡಿದರು, ಆಮೇಲೆ ಬಣ್ಣದ ಡಬ್ಬಿಯನ್ನು ನೋಡಿದರು. ಬೈದಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

*

ಐದನೇ ಕ್ಲಾಸಿನಲ್ಲಿ ನನಗೆ ಬೋರ್ಡು ಎಂದರೆ ಗೋಡೆಯ ಮೇಲಿನ ಒಂದು ಕತ್ತಲು, ಅಷ್ಟೇ. ಎಲ್ಲರಿಗೂ ಹಾಗೇ ಕಾಣುತ್ತದೆ, ಉಳಿದವರು ಜಾಣರಾದ್ದರಿಂದ ಅವರಿಗೆ ಓದಲು ಬರುತ್ತದೆ ಎಂದುಕೊಂಡಿದ್ದೆ.

ಮಾತು ಕಡಿಮೆಯಾಗಲಿ ಎಂದು ಟೀಚರ್ ಬೆಂಚಿಗೊಬ್ಬ ಹುಡುಗ, ಒಬ್ಬಳು ಹುಡುಗಿಯನ್ನು ಕೂರಿಸುತ್ತಿದ್ದರು. ನನ್ನ ಪಕ್ಕದ ಹುಡುಗ ಮಾತೇ ಆಡುತ್ತಿರಲಿಲ್ಲ. ಅವನ ಅಂಗಿಗೆ ಬಣ್ಣ ತೆಳುಮಾಡುವ ಎಣ್ಣೆಯ ವಾಸನೆ. ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ. ನನ್ನ ಕಣ್ಣು ಒಂದು ಗೇಣಿನಾಚೆಗೆ ಹೋಗುತ್ತಿರಲಿಲ್ಲ, ಗೇಣಿನಷ್ಟು ಹತ್ತಿರ ಹೋಗಿ ಹುಡುಗರ ಮುಖ ನೋಡುವ ಧೈರ್ಯ ಯಾರಿಗಿತ್ತು? ನನಗೆ ಗೊತ್ತಿದ್ದದ್ದು ಅವನ ನೋಟ್‌ಬುಕ್ಕು. ಅದನ್ನವನು ಬೆಂಚಿನ ಮಧ್ಯಕ್ಕೆ ಸರಿಸಿ ಬರೆಯುತ್ತಿದ್ದ. ನಾನು ಮೂಗು ತಗಲುವಷ್ಟು ಬಗ್ಗಿ ನಕಲು ಮಾಡುತ್ತಿದ್ದೆ. ಹಸಿ ಇಂಕು ಮೂಗಿಗೆ ಹತ್ತಿ ಇಂಕುಮೂಗಿಯಾದೆ.

ದಿನ ಹೋದಂತೆ ಅವನ ಅಕ್ಷರ ದೊಡ್ಡದಾಗುತ್ತ ಹೋಯಿತು. ಕೊನೆಕೊನೆಗೆ ಒಂದು ಪುಟಕ್ಕೆ ಐದೇ ಸಾಲು. ಪ್ರತಿ ಸಾಲಿನ ಮೊದಲಿಗೂ ಒಂದು ದಪ್ಪ ಚುಕ್ಕೆ. ಚುಕ್ಕೆ ಅವನ ಚಾಳಿ ಎಂದುಕೊಂಡೆ. ನನಗೆ ಮಾತ್ರ ಅದರಿಂದ ಅನುಕೂಲವಾಗಿತ್ತು, ಸಾಲು ತಪ್ಪುತ್ತಿರಲಿಲ್ಲ. ಟೀಚರ್ ಅವನಿಗೆ 'ಆನೆಅಕ್ಷರ' ಎಂದು ಹೆಸರಿಟ್ಟರು. ದಡ್ಡರು ದೊಡ್ಡದಾಗಿ ಬರೆಯುತ್ತಾರೆಂದು ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕಿದ್ದೆ. ಆಮೇಲೆ ಒಂದು ವಾರ ಅವನು ಬೆಂಚಿಗೆ ಬರಲಿಲ್ಲ, ಯಾಕೆಂದು ನಾನು ಕೇಳಲೂ ಇಲ್ಲ.

ಟೀಚರ್ ಬೋರ್ಡಿನ ಬಲಮೂಲೆಯಲ್ಲಿ ಒಂದು ಚೌಕ ಎಳೆದು, ಮೇಲೆ 'ನನಗೆ ಗೊತ್ತಿಲ್ಲ' ಎಂದು ಬರೆದಿದ್ದರು. ಯಾರಿಗೆ ಏನು ಗೊತ್ತಿಲ್ಲವೋ ಅದನ್ನು ಯಾರು ಬೇಕಾದರೂ ಹೋಗಿ ಅಲ್ಲಿ ಬರೆಯಬಹುದಿತ್ತು. "ಗೊತ್ತಿಲ್ಲ ಅನ್ನೋಕೆ ನಾಚಿಕೆ ಬೇಡ. ಆಗಲ್ಲ ಅನ್ನೋಕೂ ಬೇಡ. ಸುಳ್ಳು ಹೇಳೋಕೆ ಇರಲಿ ಸ್ವಲ್ಪ," ಎನ್ನುತ್ತಿದ್ದರು.

ಒಂದು ದಿನ ನನ್ನನ್ನು ಕೊನೆಯ ಗೋಡೆಗೆ ನಿಲ್ಲಿಸಿ, ಒಂದೊಂದೇ ಹೆಜ್ಜೆ ಮುಂದೆ ಕರೆದರು. "ಈಗ ಕಾಣುತ್ತಾ? ಈಗ?" ಬೋರ್ಡಿಗೆ ಮೂಗು ತಾಗಿದಾಗ ಓದಿದೆ. ಮಕ್ಕಳು ನಕ್ಕರು. ಟೀಚರ್ ನಗಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಆ ಚೌಕದೊಳಗೆ ತಾವೇ ಬರೆದು, ನನಗೆ ಕಾಣುವುದಿಲ್ಲವೆಂದು ಜೋರಾಗಿ ಓದಿ ಹೇಳಿದರು: "ಈ ಮಗುವಿಗೆ ಬೋರ್ಡು ಕಾಣಲ್ಲ ಅನ್ನೋದು ಆರು ತಿಂಗಳಾದರೂ ನನಗೆ ಗೊತ್ತಾಗಲಿಲ್ಲ."

ಆ ಶನಿವಾರ ಕೈಹಿಡಿದು ಇದೇ ಅಂಗಡಿಗೆ ಕರೆತಂದರು. ಮುಂದೆ ನನ್ನ ಮಾವನಾದವರು ಕನ್ನಡಕ ಹಾಕಿದರು, ಅತ್ತೆ ಕನ್ನಡಿ ಹಿಡಿದರು. ನಾನು ಕನ್ನಡಿ ಬಿಟ್ಟು ಗೋಡೆಯ ಗಡಿಯಾರ ನೋಡಿದೆ. ಅದರಲ್ಲಿ ಮೂರನೆಯ ಮುಳ್ಳೊಂದು ಓಡುತ್ತಿತ್ತು. ಅಂಥದ್ದೊಂದು ಇರುತ್ತದೆಂದೇ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಈ ಅಂಗಡಿಗೆ ಮೊದಲು ಗಿರಾಕಿಯಾಗಿ ಬಂದೆ, ಆಮೇಲೆ ಕೆಲಸ ಕಲಿಯಲು ಬಂದೆ, ಕೊನೆಗೆ ಸೊಸೆಯಾಗಿ ಬಂದೆ. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಅಂಗಡಿಯೂ ಅತ್ತೆಯೂ ನನ್ನ ಪಾಲಿಗೆ ಉಳಿದರು.

ಕನ್ನಡಕ ಹಾಕಿಕೊಂಡು ಸೋಮವಾರ ಶಾಲೆಗೆ ಹೋದಾಗ ಬೆಂಚಿನ ಆ ಬದಿ ಖಾಲಿ. ಅವನಪ್ಪನ ಕೆಲಸ ಮುಗಿದು, ಬೇರೆ ಊರಿಗೆ ಹೋದರಂತೆ.

*

"ನಿಜವಾಗ್ಲೂ ಆಗುತ್ತಾ ಮೇಡಂ?" ಎಂದು ಬೋರ್ಡಿನವರು ಮೂರನೆಯ ದಿನ ಕೇಳಿದರು.

"ನೀವು ನಿಮ್ಮ ಬೋರ್ಡು ನೋಡ್ಕೊಳ್ಳಿ."

"ಅದನ್ನೇ ನೋಡ್ತಿದೀನಿ. ನಡುನಡುವೆ ಗಾಜಿನಾಚೆಗೂ ಕಣ್ಣು ಹೋಗುತ್ತೆ. ಬಟ್ಟೆ ಹರಿದುಹೋಗೋವರೆಗೂ ಒಂದೇ ಲೆನ್ಸು ಒರೆಸ್ತಿದೀರಲ್ಲ, ಅದಕ್ಕೆ ಕೇಳಿದೆ."

ಕೈ ನೋಡಿಕೊಂಡೆ. ಬೆಳಿಗ್ಗೆ ತೆಗೆದ ಲೆನ್ಸೇ ಕೈಯಲ್ಲಿತ್ತು.

ದೊಡ್ಡ ಊರಿನಿಂದ ನಾಲ್ಕು ಥರದ ಭೂತಗನ್ನಡಿ ತರಿಸಿದೆ. ನನ್ನ ಕನ್ನಡಕದ ನಡುವೆ ಮೇಣ ಮೆತ್ತಿಕೊಂಡು, ಟೀಚರ್‌ಗೆ ಕಾಣುವ ಹಾಗೆ ಹೊಗೆ ಮಾಡಿಕೊಂಡು, ಓದಲು ನೋಡಿದೆ. ಬೇಕಾದಷ್ಟು ದೊಡ್ಡದು ಮಾಡಿದರೆ ಒಮ್ಮೆಗೆ ಎರಡೇ ಅಕ್ಷರ ಕಾಣುತ್ತಿತ್ತು, ಕೈ ಒಂಚೂರು ನಡುಗಿದರೆ ಅದೂ ಇಲ್ಲ. ಟೀಚರ ಕೈ ನಡುಗುತ್ತದೆ. ಅವರು ಕೊಟ್ಟ ಪುಟಗಳನ್ನು ಮೊದಲ ಸಾಲಿನಾಚೆ ಓದಲು ನನ್ನಿಂದಾಗಲಿಲ್ಲ. ಕಾಣದೆ ಬರೆದದ್ದರಿಂದ ಸಾಲುಗಳು ಒಂದರ ಮೇಲೊಂದು ಹತ್ತಿ ಕುಳಿತಿದ್ದವು.

ಊಟಕ್ಕೆ ಕುಳಿತಾಗ ಅತ್ತೆ ಅಂದರು, "ಊರಿಗೆಲ್ಲ ಕಣ್ಣು ಕೊಡೋಳು ನೀನು, ಗುರುಗಳ ಕಣ್ಣಿಗೇ ಮಣ್ಣೆರಚಿದೆಯಲ್ಲಮ್ಮ."

"ಗೊತ್ತು ಅತ್ತೆ. ನಾಳೆ ಹೋಗಿ ಹೇಳ್ತೀನಿ."

"ನಿನ್ನೆಯೂ ನಾಳೆ ಅಂದಿದ್ದೆ." ತಟ್ಟೆ ಸರಿಸಿ ಮೆತ್ತಗೆ ಸೇರಿಸಿದರು, "ಆ ಬೋರ್ಡಿನೋನೂ ಹಾಗೇ. ಐದು ದಿನದಿಂದ ಒಂದೇ ಅಕ್ಷರಕ್ಕೆ ಬಣ್ಣ ಬಳೀತಿದಾನೆ. ನೋಡೋಣ ಅಂತ ಮನೇಲಿ ಯಾರಿದಾರಪ್ಪ ಅಂತ ಕೇಳಿದೆ. ಏಣಿ ಇದೆ ಅಂದ."

"ಅತ್ತೆ, ಅದನ್ನೆಲ್ಲ ಯಾಕೆ ಕೇಳೋಕೆ ಹೋದ್ರಿ?"

"ವಯಸ್ಸಾದೋರು ಕೇಳಬಹುದು. ನಮಗಿರೋ ಸೌಕರ್ಯ ಅದೊಂದೇ."

*

ಆರನೆಯ ದಿನ ಅವರು ಬಣ್ಣದ ಡಬ್ಬಿಯ ಮೇಲಿನ ಚೀಟಿಯನ್ನು ಕೈ ಉದ್ದ ಮಾಡಿ ಹಿಡಿದು ಓದುತ್ತಿದ್ದರು. ನನಗೆ ನೋಡಿಕೊಂಡಿರಲಾಗಲಿಲ್ಲ.

"ಒಳಗೆ ಬನ್ನಿ. ನಿಮಗೆ ಓದೋಕೆ ಕನ್ನಡಕ ಬೇಕು."

"ನನಗಾ? ಅಷ್ಟು ದೊಡ್ಡ ಬೋರ್ಡು ಬರೀತೀನಿ."

"ಬೋರ್ಡು ದೂರಕ್ಕೆ. ನಿಮ್ಮ ಕೈ ಇನ್ನೆರಡು ವರ್ಷಕ್ಕೆ ಸಾಕಾಗಲ್ಲ, ಇನ್ನೊಂದು ಕೈ ಜೋಡಿಸಬೇಕಾಗುತ್ತೆ. ಕೂತ್ಕೊಳ್ಳಿ."

ಕೂತರು. ಎರಡು ಕಣ್ಣುಪಾಪೆಗಳ ನಡುವಿನ ಅಂತರ ಅಳೆಯಬೇಕು. ಅದಕ್ಕೆ ಸಣ್ಣ ಅಳತೆಪಟ್ಟಿಯನ್ನು ಮೂಗಿನ ಮೇಲಿಟ್ಟು, ಎದುರಿಗೆ ಕೂತವರು ಅಳೆಯುವವರ ಕಣ್ಣನ್ನೇ ನೋಡಬೇಕು. ಸಾವಿರಾರು ಜನರಿಗೆ ಮಾಡಿದ್ದೇನೆ.

"ನನ್ನ ಎಡಗಣ್ಣು ನೋಡಿ."

ನೋಡಿದರು. ರೆಪ್ಪೆಯ ತುದಿಯಲ್ಲಿ ಹಳದಿ ಬಣ್ಣದ ಒಂದು ಕಣ. ಕಣ್ಣಿನ ಅಂಚಿನಲ್ಲಿ ಬಿಸಿಲಿಗೆ ಕಿರಿದು ಮಾಡಿ ಮಾಡಿ ಮೂಡಿದ ಮೂರು ಗೆರೆ. ನನ್ನ ಕೈಯ ಪಟ್ಟಿ ಒಂದು ಕೂದಲೆಳೆಯಷ್ಟು ಅಲುಗಿತು.

"ಈಗ ಬಲಗಣ್ಣು."

"ಗಿರಾಕಿಗಳನ್ನೆಲ್ಲ ಹೀಗೇ ನೋಡ್ತೀರಾ?"

"ಗಿರಾಕಿಗಳು ಮಾತಾಡಲ್ಲ. ಅಲುಗಬೇಡಿ."

"ಅಲುಗ್ತಿರೋದು ಪಟ್ಟಿ, ಮೇಡಂ."

ಅಳತೆ ಬರೆದುಕೊಳ್ಳಲು ತಿರುಗಿದೆ. ಅಂಕಿ ಮರೆತುಹೋಗಿತ್ತು. ಕೂಡಲೇ ಮತ್ತೆ ಅಳೆಯುವ ಧೈರ್ಯವಿಲ್ಲದೆ, ಅವರಿಗೆ ಬೆನ್ನು ಮಾಡಿಯೇ ಟೀಚರ ವಿಷಯವನ್ನೆಲ್ಲ ಹೇಳಿಬಿಟ್ಟೆ. ಡಾಕ್ಟರ ಚೀಟಿ, ಬರಿಯ ಗಾಜು, ಬೆಳಗಿದ ಮುಖ. "ನನಗೆ ಕಣ್ಣಿಲ್ಲ ಅಂತ ಕಂಡುಹಿಡಿದೋರು ಅವರು. ಅವರಿಗೆ ಕಣ್ಣಿಲ್ಲ ಅಂತ ನಾನು ಹೇಗೆ ಹೇಳಲಿ?"

ಅವರು ಕುರ್ಚಿಯನ್ನು ನನ್ನತ್ತ ಎಳೆದುಕೊಂಡರು. "ಕನ್ನಡಕ ಬರೋಕೆ ಮುಂಚೆ ಹೇಗೆ ಓದ್ತಿದ್ರಿ?"

"ಪಕ್ಕದೋನ ನೋಟ್‌ಬುಕ್ಕು ನೋಡಿ. ಅವನಕ್ಷರ ದಪ್ಪ ಇತ್ತು, ಬದುಕಿಕೊಂಡೆ."

"ಅವನೇನೂ ಅಂತಿರಲಿಲ್ವಾ?"

"ಅವನು ಮಾತೇ ಆಡ್ತಿರಲಿಲ್ಲ. ಯಾಕೆ?"

"ಸುಮ್ನೆ ಕೇಳಿದೆ." ಎದ್ದು ನಿಂತರು. ಕಿವಿಯ ಹಿಂದಿನ ಸೀಮೆಸುಣ್ಣವನ್ನು ತೆಗೆದು, ನೋಡಿ, ಮತ್ತೆ ಅಲ್ಲೇ ಇಟ್ಟರು. "ಆ ನಾಲ್ಕು ಪುಟ ನನಗೆ ಕೊಡಿ, ಜೊತೆಗೊಂದು ಭೂತಗನ್ನಡಿ. ಮೂರು ದಿನ. ಆದರೆ ಆಗಲ್ಲ ಅನ್ನೋ ಮಾತು ನೀವೇ ಹೇಳಬೇಕು. ಅದನ್ನ ನಾನು ಬರೆದುಕೊಡೋಕಾಗಲ್ಲ."

*

ಒಂಬತ್ತನೆಯ ದಿನ ಬೆಳಿಗ್ಗೆ ಒಂದು ದೊಡ್ಡ ಸುರುಳಿ ಹೊತ್ತು ಬಂದರು. ಮೇಜಿನ ಮೇಲೆ ಬಿಡಿಸಿದರು. ತೆಳು ಹಳದಿ ಹಾಳೆಯ ಮೇಲೆ ಕಪ್ಪು ಬಣ್ಣದಲ್ಲಿ, ಬೆರಳುದ್ದದ ಅಕ್ಷರ. ಮೂವತ್ತೆಂಟು ಹಾಳೆ.

"ಹೊಗೆ ನಡುವೆ ಇದ್ರೂ ಅಂಚು ಕಾಣುತ್ತಲ್ವಾ? ಅಂಚಲ್ಲೇ ಹಿಡೀಬಹುದಾದಷ್ಟು ದೊಡ್ಡದಾಗಿ ಬರೆದಿದೀನಿ," ಅಂದರು.

ನಾನು ಅಕ್ಷರ ನೋಡುತ್ತಿರಲಿಲ್ಲ. ಹಾಳೆಗೆ ಐದು ಸಾಲು. ಪ್ರತಿ ಸಾಲಿನ ಮೊದಲಿಗೂ ಒಂದು ದಪ್ಪ ಚುಕ್ಕೆ.

ತಲೆಯೆತ್ತಿ ಆ ಮುಖ ನೋಡಿದೆ. ನೋಡಿದರೆ ಏನು ಬಂತು? ಹೋಲಿಸಲು ನನ್ನ ಬಳಿ ಇನ್ನೊಂದು ಮುಖವೇ ಇರಲಿಲ್ಲ. ಇದ್ದದ್ದು ಬಣ್ಣದೆಣ್ಣೆಯ ವಾಸನೆ. ಬೋರ್ಡು ಬರೆಯುವವರೆಲ್ಲರಿಗೂ ಆ ವಾಸನೆ ಇರುತ್ತದೆ. ಕೇಳಿ, ಅಲ್ಲ ಎಂದುಬಿಟ್ಟರೆ? ಹೌದು ಎಂದುಬಿಟ್ಟರೆ?

"ಏನು ಮೇಡಂ? ತಪ್ಪಾಗಿದೆಯಾ?"

"ಇಲ್ಲ," ಅಂದೆ. "ಹೋಗೋಣ. ಈಗಲೇ. ಇಲ್ಲಾಂದ್ರೆ ನಾನು ಹೇಳಲ್ಲ."

ಟೀಚರ ಮನೆ ಎರಡು ಬೀದಿಯಾಚೆ. ಒಂದು ಕೋಣೆ, ಒಂದು ಮಂಚ, ಕಿಟಕಿಯ ಬಳಿ ಬೆತ್ತದ ಕುರ್ಚಿ. ನನ್ನ ಹೆಜ್ಜೆ ಸದ್ದಿಗೇ ಅವರು ಎದ್ದು ನಿಂತು ಕೈ ಚಾಚಿದರು.

"ತಂದೆಯಾ? ಕೊಡು."

ಚಾಚಿದ ಕೈಯನ್ನು ನನ್ನೆರಡೂ ಕೈಯಲ್ಲಿ ಹಿಡಿದುಕೊಂಡೆ. "ಆಗಲ್ಲ ಟೀಚರ್. ಯಾವ ಕನ್ನಡಕದಿಂದಲೂ ಆಗಲ್ಲ. ಅವತ್ತೇ ಗೊತ್ತಿತ್ತು ನನಗೆ. ಸುಳ್ಳು ಹೇಳಿದೆ."

ಅವರು ಕುಳಿತರು. ನನ್ನ ಕೈಯೊಳಗಿಂದ ಅವರ ಕೈ ಮೆಲ್ಲಗೆ ಜಾರಿತು.

"ಒಂಬತ್ತು ದಿನ ಆಸೆ ಇಟ್ಕೊಂಡಿದ್ದೆ ಕಣೇ," ಅಂದರು. "ಆಗಲ್ಲ ಅನ್ನೋದನ್ನ ತಡ್ಕೋತಿದ್ದೆ. ಈ ಒಂಬತ್ತು ದಿನ ಯಾಕೆ ಕೊಟ್ಟೆ ನನಗೆ?"

ಹತ್ತು ವರ್ಷದವಳ ಹಾಗೆ ನಿಂತಿದ್ದೆ. ಇನ್ನು ಹೊರಡುವುದೇ ಎಂದುಕೊಳ್ಳುವಷ್ಟರಲ್ಲಿ ಬೋರ್ಡಿನವರು ಮೊದಲ ಹಾಳೆಯನ್ನು ಕಿಟಕಿಯ ಬೆಳಕಿಗೆ, ಟೀಚರ ಮುಖದ ಒಂದು ಬದಿಗೆ ಹಿಡಿದರು.

"ಇದೇನು?" ಎನ್ನುತ್ತ ಟೀಚರ್ ತಲೆ ವಾರೆ ಮಾಡಿದರು. ಕಣ್ಣು ಅಲೆಯಿತು. ಚುಕ್ಕೆಯ ಮೇಲೆ ನಿಂತಿತು. ತುಟಿ ಅಲುಗಿತು. "ಮೊದಲ... ವರ್ಷ... ನಾನು ಜೋರಾಗಿ ಕೂಗುತ್ತಿದ್ದೆ." ನಿಲ್ಲಿಸಿದರು. ಮುಂದಿನ ಚುಕ್ಕೆ ಹಿಡಿದರು. "ಕೂಗಿದರೆ ಕೇಳಿಸುವುದಿಲ್ಲ ಎಂದು ಒಂದು ಮಗು ಕಲಿಸಿತು."

ಹಾಳೆಯಾದ ಮೇಲೆ ಹಾಳೆ. ನಡುನಡುವೆ ತಡವರಿಸಿದರು, ಬೆರಳಿನಿಂದ ಚುಕ್ಕೆ ಮುಟ್ಟಿ ಮುಂದೆ ಹೋದರು. ದನಿ ಏರುತ್ತ, ನನ್ನ ಕ್ಲಾಸಿನ ದನಿಯಾಯಿತು. ಇಪ್ಪತ್ತೊಂದನೆಯ ಹಾಳೆಯನ್ನು ಬೋರ್ಡಿನವರು ತಮ್ಮ ಮುಖಕ್ಕೆ ಅಡ್ಡವಾಗಿ ಹಿಡಿದರು.

"ಒಂದು ವರ್ಷ ಐದನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಪುಟಕ್ಕೆ ಐದೇ ಸಾಲು ಬರೆಯುತ್ತಿದ್ದ," ಎಂದು ಟೀಚರ್ ಓದಿದರು. "ಕಾಗದ ಹಾಳುಮಾಡುತ್ತೀಯ ಎಂದು ಒಂದು ವಾರ ಬಾಗಿಲ ಹೊರಗೆ ನಿಲ್ಲಿಸಿದೆ. ಯಾಕೆ ಹಾಗೆ ಬರೆಯುತ್ತೀಯ ಎಂದರೆ ಅವನು ಬಾಯಿ ಬಿಡಲಿಲ್ಲ. ಅವನು ಹೊರಗಿದ್ದ ವಾರ, ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಯ ನೋಟ್‌ಬುಕ್ಕು ಖಾಲಿ ಇತ್ತು. ಆಗ ನನಗೆ ತಿಳಿಯಿತು. ಅವಳ ಕಷ್ಟವನ್ನು ಕಂಡವನು ಅವನು, ಹೆಸರು ಬಂದದ್ದು ನನಗೆ. ತಪ್ಪಾಯಿತು ಎನ್ನುವ ಮೊದಲೇ ಅವನು ಊರು ಬಿಟ್ಟಿದ್ದ."

ಹಾಳೆಯ ಹಿಂದಿದ್ದ ಮುಖ ನನಗೆ ಕಾಣುತ್ತಿರಲಿಲ್ಲ. ನನ್ನ ಕನ್ನಡಕ ಮಂಜಾಗಿತ್ತು.

ಟೀಚರ ಬೆರಳು ಕೊನೆಯ ಸಾಲಿನ ಚುಕ್ಕೆಯ ಮೇಲೆಯೇ ನಿಂತಿತ್ತು. "ಇದನ್ನ ಬರೆದೋರು ಯಾರು?"

"ನಾನು ಟೀಚರ್."

"ನಾನು ಅಂದ್ರೆ?"

"ಆನೆಅಕ್ಷರ."

ಟೀಚರ್ ಕೈ ಚಾಚಿ, ಹಾಳೆ ಸರಿಸಿ, ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಕಣ್ಣಂಚಿನಿಂದ ಬಹಳ ಹೊತ್ತು ನೋಡಿದರು.

"ಇನ್ನೂ ಕಾಗದ ಹಾಳುಮಾಡೋದು ಬಿಟ್ಟಿಲ್ವೇನೋ?"

"ಮೂವತ್ತೆಂಟು ಹಾಳೆ ಟೀಚರ್."

"ಈ ಸಲ ಹೊರಗೆ ನಿಂತ್ಕೋ ಅನ್ನಲ್ಲ. ಕೂತ್ಕೋ." ಆಮೇಲೆ ನಾನಿರುವ ಕಡೆ ಮುಖ ತಿರುಗಿಸಿ, "ನೀನೂ ಕೂತ್ಕೋ ಇಂಕುಮೂಗಿ. ನಿನ್ನ ಮೇಲೆ ಸಿಟ್ಟು ಇನ್ನೂ ಇದೆ. ಸಿಟ್ಟಿದ್ರೂ ಕೂರಬಹುದು."

*

ಹಿಂತಿರುಗುವಾಗ ಮೊದಲ ಬೀದಿ ದಾಟಿದೆವು.

"ಯಾಕ್ ಹೇಳಲಿಲ್ಲ?" ಎಂದು ಕೊನೆಗೆ ಕೇಳಿದೆ. 'ನೀವು' ಎನ್ನಲು ಬಾಯಿ ಬರಲಿಲ್ಲ, 'ನೀನು' ಎನ್ನಲು ಧೈರ್ಯ ಬರಲಿಲ್ಲ.

"ಏನಂತ ಹೇಳಲಿ? ನೀನು ನನ್ನ ಮುಖಾನೇ ನೋಡಿರಲಿಲ್ಲ. ಬಂದು ಉಪಕಾರ ನೆನಪಿಸಿದ ಹಾಗಾಗ್ತಿತ್ತು." ಅವನಿಗೆ 'ನೀನು' ಸಲೀಸಾಗಿ ಬಂತು. "ನೀನು ಕನ್ನಡಕ ಹಾಕ್ಕೊಂಡು ಹೇಗೆ ಕಾಣ್ತೀಯ ಅಂತ ನೋಡಬೇಕಿತ್ತು. ಅವತ್ತು ಶನಿವಾರವೇ ಲಾರಿ ಹತ್ತಿಸಿಬಿಟ್ರು ಅಪ್ಪ. ಅದಕ್ಕೇ ಈ ಊರಿನ ಬ್ಯಾನರ್ ಕೆಲಸ ಒಪ್ಪಿಕೊಂಡೆ."

"ಮನೇಲಿ... ಏಣಿ ಮಾತ್ರನಾ?"

ನಕ್ಕ. "ಅತ್ತೆಯವರು ವರದಿ ಒಪ್ಪಿಸಿದ್ರಾ? ಒಬ್ಬಳಿದ್ದಳು. ಊರೂರು ತಿರುಗೋನ ಜೊತೆ ಸಾಕಾಗಿ ಹೋದಳು. ತಪ್ಪು ಅವಳದ್ದಲ್ಲ."

ನಾಳೆ ಸಭೆ. ಬೋರ್ಡಿಗೆ ಕೊನೆಯ ಕೈ ಒಂದೇ ಬಾಕಿ. ಆಮೇಲೆ ಲಾರಿ, ಮತ್ತೊಂದು ಊರು. ಒಂದು ಹೆದರಿಕೆ ಕಳೆಯಿತು ಎಂದುಕೊಳ್ಳುವಷ್ಟರಲ್ಲಿ ಅದರ ಜಾಗದಲ್ಲಿ ಇನ್ನೊಂದು ಬಂದು ಕೂತಿತ್ತು.

ಸಭೆಯಲ್ಲಿ ಅವನು ಹಾಳೆ ಹಿಡಿದ, ಟೀಚರ್ ಓದಿದರು. ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ಹದಿನಾರನೆಯ ಹಾಳೆಯಲ್ಲಿ ಟೀಚರ್‌ಗೆ ಸಾಲು ತಪ್ಪಿತು. ಅವನು ಹಾಳೆಯನ್ನು ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿಸಿದ. ಕಣ್ಣು ಚುಕ್ಕೆ ಹಿಡಿಯಿತು. ಮೂವತ್ತನಾಲ್ಕು ಮಕ್ಕಳಲ್ಲಿ ಒಂದೂ ಬಿಟ್ಟುಹೋಗಲಿಲ್ಲ.

ಸಂಜೆ ಅಂಗಡಿಗೆ ಬಂದು ನೋಡಿದರೆ ಬೋರ್ಡು ಮುಗಿದಿತ್ತು. ಕಡುಹಸಿರು ನೆಲದ ಮೇಲೆ ಬಿಳಿಯ ದೊಡ್ಡ ಅಕ್ಷರ. ಬಲಗಡೆ ಕೆಳಗೆ ಮಾತ್ರ ಒಂದು ಚೌಕ ಎಳೆದು ಖಾಲಿ ಬಿಟ್ಟಿದ್ದ.

"ಅದೇನು ಮೂಲೇಲಿ?"

"ಅದು ಖಾಲಿ ಇರಲಿ. ಗೊತ್ತಿಲ್ಲದ್ದು ಏನಾದ್ರೂ ಇದ್ರೆ ಬರಿ." ಕಿವಿಯ ಹಿಂದಿನ ಸೀಮೆಸುಣ್ಣ ತೆಗೆದು ನನ್ನ ಕೈಗಿಟ್ಟ. "ಬೆಳಿಗ್ಗೆ ಬಂದು ಏಣಿ ತಗೊಂಡು ಹೋಗ್ತೀನಿ. ಕನ್ನಡಕ ಆಗಿರುತ್ತೆ ತಾನೇ? ಈ ಸಲ ನಿಜ ಹೇಳು."

"ಆಗಿರುತ್ತೆ," ಅಂದೆ.

*

ಬೆಳಿಗ್ಗೆ ಅಂಗಡಿ ತೆಗೆದವಳೇ ಏಣಿ ಹತ್ತಿದೆ. ಎರಡನೆಯ ಮೆಟ್ಟಿಲಿಗೇ ಏಣಿ ವಾಲಿತು. ಅತ್ತೆ ಓಡಿಬಂದು ಕೆಳಗೆ ಹಿಡಿದುಕೊಂಡರು.

"ಏನಮ್ಮ ಇದು, ಈ ವಯಸ್ಸಿಗೆ?"

"ಅತ್ತೆ, ಒಂದು ಮಾತು ಬರೀತೀನಿ. ನೀವು ಬೇಡ ಅಂದ್ರೆ ಇಳಿದುಬಿಡ್ತೀನಿ."

ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು. ಹತ್ತು ವರ್ಷದ ಹುಡುಗಿಗೆ ಕನ್ನಡಿ ಹಿಡಿದವರು. ಮಗನನ್ನು ಕಳೆದುಕೊಂಡ ಮೇಲೂ ನನ್ನನ್ನು ಬಿಡದವರು.

"ನನ್ನ ಮಗ ಇದ್ದಿದ್ರೆ ಏಣಿ ಅವನೇ ಹಿಡೀತಿದ್ದ, ನೀನು ಬೀಳಬಾರದು ಅಂತ," ಅಂದರು. ದನಿ ಸ್ವಲ್ಪ ಒಡೆಯಿತು. ಸರಿಮಾಡಿಕೊಂಡರು. "ಬೇಗ ಬರಿ. ನನ್ನ ಸೊಂಟ ಎಷ್ಟು ಹೊತ್ತು ತಡೆಯುತ್ತೆ? ಬೀಳೋದೇ ಆದ್ರೆ ಆ ಬೋರ್ಡಿನೋನು ಬಂದ ಮೇಲೆ ಬೀಳು."

ಬರೆದೆ. ನನ್ನ ಅಕ್ಷರ ಸಣ್ಣದು, ಚೌಕಕ್ಕೆ ಹಿಡಿಸಲು ಇನ್ನೂ ಸಣ್ಣದಾಯಿತು. ಇಳಿದು ಒಳಗೆ ಹೋಗಿ, ಮಾಡಲು ಬೇಕಾದಷ್ಟು ಕೆಲಸವಿದೆಯೆಂಬಂತೆ ಎಲ್ಲ ಡ್ರಾಯರುಗಳನ್ನೂ ಎಳೆದು ಮುಚ್ಚಿದೆ.

ಅವನು ಬಂದ. ಕನ್ನಡಕ ಕೊಟ್ಟೆ. ಹಾಕಿಕೊಂಡು ನನ್ನನ್ನು ನೋಡಿದ, ಹೊರಗೆ ಹೋಗಿ ಬೋರ್ಡಿನತ್ತ ತಲೆಯೆತ್ತಿದ.

"ಏನೋ ಬರೆದಿದೀಯ. ಎಲ್ಲಾ ಮಸುಕು. ಕನ್ನಡಕ ಸರಿಯಾಗಿಲ್ಲ ಇದು."

"ಅದು ಹತ್ತಿರಕ್ಕೆ," ಅಂದೆ. "ಹತ್ತಿರ ಹೋಗಬೇಕು."

ಏಣಿ ಹತ್ತಿದ. ಮೂಗು ತಗಲುವಷ್ಟು ಹತ್ತಿರ ಮುಖ ಒಯ್ದು ಓದಿದ. ನಾನು ಬರೆದದ್ದು ಒಂದೇ ಸಾಲು: 'ಏಣಿ ಇಲ್ಲೇ ಇರಲಿ ಅಂತ ಕೇಳೋದು ಹೇಗೆ, ನನಗೆ ಗೊತ್ತಿಲ್ಲ.'

ಅವನು ತಿರುಗಲಿಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದೆ. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಮಾಡಿಕೊಂಡು ಹೋದರು. ಆಮೇಲೆ ಅವನು ಜೇಬಿನಿಂದ ಬ್ರಷ್ಷು ತೆಗೆದು, ಏಣಿಯ ಕೊಕ್ಕೆಯಲ್ಲಿ ನೇತುಹಾಕಿದ್ದ ಬಣ್ಣದ ಡಬ್ಬಿಗೆ ಅದ್ದಿ, ಚೌಕದೊಳಗೆ ಏನೋ ಮಾಡಿ, ಕೆಳಗಿಳಿದ. ಏಣಿಯನ್ನು ಹೆಗಲಿಗೇರಿಸಲಿಲ್ಲ. ಅಂಗಡಿಯ ಒಳಗೋಡೆಗೆ ತಂದು ಒರಗಿಸಿದ. ಅವನ ಮೂಗಿನ ತುದಿಗೆ ಸೀಮೆಸುಣ್ಣದ ಬಿಳಿ ಹತ್ತಿತ್ತು.

ಅತ್ತೆ ಹೊರಗೆ ಹೋಗಿ, ಹಣೆಗೆ ಕೈಯಡ್ಡ ಹಿಡಿದು ಬೋರ್ಡು ನೋಡಿದರು.

"ಇದೇನಮ್ಮ, ಉತ್ತರ ಬರೀತಾನೆ ಅಂದ್ಕೊಂಡ್ರೆ ನಿನ್ನ ಸಾಲಿನ ಮುಂದೆ ಒಂದು ಚುಕ್ಕೆ ಇಟ್ಟು ಇಳಿದಿದಾನೆ?"

"ಅದು ಸಾಲು ತಪ್ಪದೇ ಇರಲಿ ಅಂತ ಅತ್ತೆ," ಅಂದೆ. ಕೈ ಚಾಚಿ ಅವನ ಮೂಗು ಒರೆಸಿದೆ.